ಮನೆಯ ಗಿಟಾರೂ ಅಂಗಡಿಯ ಗಿಟಾರೂ



ನಿಮ್ಮ ಮನೆಯಲ್ಲಿ ಒಂದು ಗಿಟಾರ್ ಇದೆಯೇ? ಇದ್ದರೆ ಅದು ಈಗ ಎಲ್ಲಿದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಬೀರುವಿನ ಮೇಲೆಯೋ, ಬಾಗಿಲ ಹಿಂದಿನ ಮೊಳೆಯಲ್ಲೋ, ಮಂಚದ ಕೆಳಗೆ ಹಳೆಯ ಸೂಟ್‌ಕೇಸುಗಳ ಜೊತೆಯಲ್ಲೋ ಇರಬಹುದು. ಒಂದು ತಂತಿ ತುಂಡಾಗಿ, ಉಳಿದವು ತುಕ್ಕು ಹಿಡಿದಿರಬಹುದು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಗಿಟಾರ್ ಬಂದು ಸೇರಿದ ಬಗೆ ಹಲವು. ಕೊಲ್ಲಿ ದೇಶದಿಂದ ರಜೆಗೆ ಬಂದ ಚಿಕ್ಕಪ್ಪ ತಂದುಕೊಟ್ಟದ್ದು, ಪ್ರಥಮ ಪರಮಪ್ರಸಾದದ ಉಡುಗೊರೆಯಾಗಿ ಸಿಕ್ಕಿದ್ದು, ಗಾನವೃಂದದಲ್ಲಿದ್ದ ಅಣ್ಣ ಕೆಲಸಕ್ಕೆಂದು ಬೇರೆ ಊರಿಗೆ ಹೋಗುವಾಗ ಬಿಟ್ಟುಹೋದದ್ದು. ಅಂಗಡಿಗೆ ಹೋಗಿ ನಾವೇ ಆರಿಸಿ ತಂದದ್ದಕ್ಕಿಂತ ಹೀಗೆ ಯಾರದೋ ಕೈಯಿಂದ ಬಂದು ಸೇರಿದ್ದೇ ಹೆಚ್ಚು.

ಕುಟುಂಬದ ಪುಟದಲ್ಲಿ ಗಿಟಾರಿನ ಮಾತೇಕೆ ಎಂದು ನೀವು ಕೇಳಬಹುದು. ಮಗನೋ ಮಗಳೋ ಒಂದು ಸಂಜೆ ಬಂದು, "ಅಪ್ಪಾ, ಇದರಲ್ಲಿ ನುಡಿಸಲಿಕ್ಕೇ ಆಗುವುದಿಲ್ಲ, ನನಗೆ ಒಳ್ಳೆಯದೊಂದು ಬೇಕು" ಎಂದ ಮನೆಯವರು ಹಾಗೆ ಕೇಳಲಾರರು. ಒಳ್ಳೆಯದು ಎಂದರೆ ಎಷ್ಟು ಎಂದು ವಿಚಾರಿಸಿದರೆ ಮೂವತ್ತು ಸಾವಿರ, ಅರವತ್ತು ಸಾವಿರ, ಲಕ್ಷ ಎಂಬ ಮಾತು ಬರುತ್ತದೆ. ಜೊತೆಗೆ "ಕಂತಿನಲ್ಲೂ ಕೊಡುತ್ತಾರಂತೆ" ಎಂಬ ಸಮಾಧಾನ. ತಂದೆ ಸುಮ್ಮನಾಗುತ್ತಾರೆ. ತಾಯಿ ಅಡುಗೆಮನೆಯಿಂದ, "ಇರುವುದನ್ನು ಮೊದಲು ಸರಿಯಾಗಿ ನುಡಿಸು" ಎನ್ನುತ್ತಾರೆ. ಮಕ್ಕಳ ಮುಖ ಬಾಡುತ್ತದೆ. ಆ ರಾತ್ರಿ ಊಟಕ್ಕೆ ಕುಳಿತವರಲ್ಲಿ ಯಾರಿಗೂ ಮಾತು ಬೇಡ.

ಇಲ್ಲಿ ಯಾರು ಸರಿ? ಇರುವುದರಲ್ಲಿ ತೃಪ್ತಿಪಡು ಎಂದು ಹೇಳುವುದು ಸದ್ಗುಣದ ಪಾಠವೇ, ಅಥವಾ ಕೈಯಲ್ಲಿ ಹಣವಿಲ್ಲದಿರುವುದಕ್ಕೆ ತೊಡಿಸಿದ ಒಳ್ಳೆಯ ಅಂಗಿಯೇ? ಇನ್ನೂ ಉತ್ತಮವಾದುದನ್ನು ಬಯಸುವುದು ದುರಾಸೆಯೇ, ಅಥವಾ ದೇವರು ಕೊಟ್ಟ ಪ್ರತಿಭೆಗೆ ಸಲ್ಲಬೇಕಾದ ಗೌರವವೇ? ಎರಡು ಕಡೆಯೂ ನ್ಯಾಯವಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಮಾಡುವ ಮೊದಲು ಆ ಗಿಟಾರನ್ನೇ ಕೆಳಗಿಳಿಸಿ, ಧೂಳೊರೆಸಿ, ಸ್ವಲ್ಪ ಗಮನವಿಟ್ಟು ನೋಡೋಣ.

ಗಿಟಾರ್ ಬಹಳ ಸರಳವಾಗಿ ಕಾಣುವ, ಆದರೆ ಸದಾ ಒಳಗೊಳಗೇ ಹೋರಾಡುತ್ತಿರುವ ವಾದ್ಯ. ಶ್ರುತಿ ಮಾಡಿದ ಆರು ಉಕ್ಕಿನ ತಂತಿಗಳು ಒಟ್ಟಾಗಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಅದನ್ನು ಎಳೆಯುತ್ತಿರುತ್ತವೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದಂತೆ ಎನ್ನಿ. ಅದನ್ನು ತಡೆದುಕೊಳ್ಳುತ್ತಿರುವ ಮೇಲಿನ ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ. ಹಲಗೆ ದಪ್ಪವಾಗಿದ್ದರೆ ಗಟ್ಟಿಯಾಗಿರುತ್ತದೆ, ಆದರೆ ಕಂಪಿಸುವುದಿಲ್ಲ. ತೀರಾ ತೆಳುವಾದರೆ ಚೆನ್ನಾಗಿ ಕಂಪಿಸುತ್ತದೆ, ಆದರೆ ಬಿರಿದುಹೋಗುತ್ತದೆ. ಒಳಗೆ ಕೈಹಾಕಿ ತಡವಿದರೆ ಹಲಗೆಯ ಅಡಿಯಲ್ಲಿ ಅಂಟಿಸಿರುವ ಮರದ ಪಟ್ಟಿಗಳು ಸಿಗುತ್ತವೆ. ಈ ಬಿಗಿತ ಮತ್ತು ಕಂಪನಗಳ ನಡುವೆ ಒಪ್ಪಂದ ಮಾಡಿಸುವುದೇ ಅವುಗಳ ಕೆಲಸ.

ವರ್ಷಗಟ್ಟಲೆ ಈ ಎಳೆತ ಸಾಗಿದಾಗ ಗಿಟಾರಿನ ಕತ್ತು ಕೂದಲೆಳೆಯಷ್ಟು ಬಾಗುತ್ತದೆ, ಬ್ರಿಡ್ಜಿನ ಹಿಂದೆ ಹಲಗೆ ಸ್ವಲ್ಪ ಉಬ್ಬುತ್ತದೆ. ಗಿಟಾರ್ ತಯಾರಿಸುವವರು ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಆಸುಪಾಸಿನಲ್ಲಿರಲಿ ಎಂದು ಬಯಸುತ್ತಾರೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಹಿಡಿದರೆ ಅದು 80 ದಾಟುವುದು ಮಾಮೂಲಿ. ಆಗ ಮರ ನೀರು ಕುಡಿದು ಊದುತ್ತದೆ, ತಂತಿಗಳು ಫ್ರೆಟ್ಟಿನಿಂದ ಮೇಲೇಳುತ್ತವೆ. ಹನ್ನೆರಡನೆಯ ಫ್ರೆಟ್ಟಿನ ಬಳಿ ದಪ್ಪ ತಂತಿ ಸುಮಾರು ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಸರಿ. ಅದು ನಾಲ್ಕೈದು ಮಿಲಿಮೀಟರಿಗೆ ಏರಿದರೆ ಹತ್ತು ವರ್ಷದ ಮಗುವಿನ ಬೆರಳು ಏನು ಮಾಡೀತು? ಬೆರಳ ತುದಿ ಕೆಂಪಾಗುತ್ತದೆ, ಗುಳ್ಳೆ ಏಳುತ್ತದೆ, 'ಎಫ್' ಕಾರ್ಡ್ ಹಿಡಿಯಲು ಹೋಗಿ ಕಣ್ಣಲ್ಲಿ ನೀರು ಬರುತ್ತದೆ. ಒಂದು ತಿಂಗಳ ನಂತರ ಗಿಟಾರ್ ಬೀರುವಿನ ಮೇಲೆ ಹತ್ತುತ್ತದೆ, "ನಮ್ಮ ಹುಡುಗನಿಗೆ ಸಂಗೀತ ಹಿಡಿಸುವುದಿಲ್ಲ" ಎಂಬ ತೀರ್ಪು ಹೊರಬೀಳುತ್ತದೆ.

ಆ ತೀರ್ಪಿನಲ್ಲಿ ಅನ್ಯಾಯವಿದೆ. ಈ ತೊಂದರೆಯನ್ನು ಸರಿಪಡಿಸುವುದಕ್ಕೆ ಬೇಕಾದದ್ದು ತಿಳಿದವನ ಅರ್ಧ ದಿನದ ಕೆಲಸ. ಕತ್ತಿನೊಳಗೆ ಉಕ್ಕಿನ ಸರಳು ಇರುವ ಗಿಟಾರಾದರೆ ಅದನ್ನು ಸ್ವಲ್ಪ ತಿರುಗಿಸಿ ಕತ್ತನ್ನು ನೇರ ಮಾಡುತ್ತಾರೆ. ಬ್ರಿಡ್ಜಿನ ಮೇಲಿರುವ ಬಿಳಿಯ ಸ್ಯಾಡಲ್ಲನ್ನು ಹೊರತೆಗೆದು ಅದರ ಅಡಿಯನ್ನು ಉಜ್ಜಿ ತಂತಿಗಳನ್ನು ತಗ್ಗಿಸುತ್ತಾರೆ. ಇನ್ನೊಂದು ತುದಿಯಲ್ಲಿರುವ ನಟ್ಟಿನ ಗೀರುಗಳನ್ನು ಒಂದಿಷ್ಟು ಆಳಮಾಡುತ್ತಾರೆ. ಹೊಸ ತಂತಿ ಹಾಕುತ್ತಾರೆ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಈ ಕೆಲಸ ಬಲ್ಲವರಿದ್ದಾರೆ. ಕೇಳುವ ಕೂಲಿ ಹೊಸ ಗಿಟಾರಿನ ಬೆಲೆಯಲ್ಲಿ ಸಣ್ಣದೊಂದು ಪಾಲು. (ದಯವಿಟ್ಟು ಸ್ಕ್ರೂಡ್ರೈವರ್ ಹಿಡಿದು ನೀವೇ ಆ ಸರಳಿಗೆ ಕೈಹಾಕಬೇಡಿ. ತುಂಡಾದರೆ ಕತ್ತೇ ಹೋದಂತೆ.) ಎಷ್ಟೋ ಮನೆಗಳಲ್ಲಿ "ಕೆಟ್ಟ ಗಿಟಾರ್" ಎಂದು ಬಿದ್ದುಕೊಂಡಿರುವುದು ಹೀಗೆ ಯಾರೂ ನೋಡಿಕೊಳ್ಳದ ಗಿಟಾರ್. ತುಕ್ಕು ಹಿಡಿದ ತಂತಿಯ ಮೇಲೆ ಯಾವ ಮರವೂ ಹಾಡುವುದಿಲ್ಲ. ನುಡಿಸಿದ ನಂತರ ಒಣಬಟ್ಟೆಯಿಂದ ತಂತಿಗಳನ್ನು ಒರೆಸಿಡುವುದು ಎರಡು ನಿಮಿಷದ ಕೆಲಸ, ಬೆವರಿನ ಉಪ್ಪು ಅಷ್ಟರಲ್ಲೇ ಹೋಗುತ್ತದೆ. ಅಷ್ಟನ್ನೂ ಮಾಡದೆ ಲಕ್ಷದ ಗಿಟಾರ್ ತಂದರೆ ಮುಂದಿನ ಮಳೆಗಾಲದಲ್ಲಿ ಅದೂ ಅದೇ ಬೀರುವಿನ ಮೇಲಿರುತ್ತದೆ.

ಆದರೆ, ಬೆಲೆ ಹೆಚ್ಚಿದಂತೆ ನಾದವೂ ಉತ್ತಮವಾಗುವುದಿಲ್ಲವೇ? ಒಂದು ಹಂತದವರೆಗೆ ಆಗುತ್ತದೆ, ಅದನ್ನು ಅಲ್ಲಗಳೆಯುವುದು ಸುಳ್ಳು. ಅಗ್ಗದ ಗಿಟಾರಿನ ಮೇಲಿನ ಹಲಗೆ ಪ್ಲೈವುಡ್ಡಿನದು, ಪದರಪದರವಾಗಿ ಅಂಟಿಸಿದ್ದು. ಸ್ಪ್ರೂಸ್ ಮರದ ಒಂದೇ ಪದರದ ಹಲಗೆಯಾದರೆ ನಾದ ಸಾಮಾನ್ಯವಾಗಿ ಹೆಚ್ಚು ತುಂಬಿಕೊಂಡಿರುತ್ತದೆ. ಕಿವಿಯಿರುವ ಯಾರಿಗಾದರೂ ಈ ವ್ಯತ್ಯಾಸ ತಿಳಿಯುತ್ತದೆ. ಆದರೆ ಪ್ಲೈವುಡ್ಡಿಗೂ ಒಂದು ಗುಣವಿದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಅದು ಬಿಸಿಲು ಮಳೆಗಳ ಏರುಪೇರನ್ನು ಹೆಚ್ಚು ತಾಳಿಕೊಳ್ಳುತ್ತದೆ, ಸುಲಭವಾಗಿ ಬಿರಿಯುವುದಿಲ್ಲ. ಬಸ್ಸಿನಲ್ಲಿ ಹೊತ್ತು, ಯುವಜನರ ಶಿಬಿರಕ್ಕೆ ಒಯ್ದು, ಮಕ್ಕಳ ಕೈಗೆ ಕೊಡುವ ಗಿಟಾರಿಗೆ ಇದೇನು ಸಣ್ಣ ಗುಣವಲ್ಲ.

ಆ ಹಂತವನ್ನು ದಾಟಿದ ಮೇಲೆ? 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ನುರಿತ ತಯಾರಕರೊಬ್ಬರಿಂದ ಆರು ಗಿಟಾರ್ ಮಾಡಿಸಿದರು. ಆರೂ ಒಂದೇ ತರಹ; ಬೆನ್ನು ಮತ್ತು ಪಕ್ಕಗಳ ಮರ ಮಾತ್ರ ಬೇರೆಬೇರೆ. ಅತ್ಯಂತ ದುಬಾರಿಯಾದ ಬ್ರೆಜಿಲ್ ರೋಸ್‌ವುಡ್ಡಿನಿಂದ ಹಿಡಿದು ಸಾಧಾರಣ ಬೆಲೆಯ ಸಪೆಲೆ, ವಾಲ್‌ನಟ್ ಮರಗಳವರೆಗೆ ಇದ್ದವು. 52 ಮಂದಿ ಗಿಟಾರ್ ವಾದಕರನ್ನು ಮಂದ ಬೆಳಕಿನ ಕೋಣೆಯಲ್ಲಿ ಕೂರಿಸಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ತೊಡಿಸಿ, ನುಡಿಸಿ ಹೇಳಿರೆಂದರು. ಆರಕ್ಕೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ. ಮರವನ್ನು ಕಣ್ಣಿನಿಂದ ಗುರುತಿಸಲಾಗದೆ ಹೋದಾಗ ಕಿವಿಯೂ ಗುರುತಿಸಲಿಲ್ಲ.

ಪಿಟೀಲಿನ ಜಗತ್ತಿನಲ್ಲಿ ಇಂಥದೇ ಪರೀಕ್ಷೆ 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆದಿತ್ತು. ಮೂರು ಹೊಸ ಪಿಟೀಲು. ಮೂರು ಹಳೆಯವು, ಅವುಗಳಲ್ಲಿ ಎರಡು ಜಗತ್ಪ್ರಸಿದ್ಧ ಸ್ಟ್ರಾಡಿವೇರಿಯಸ್. ಹಳೆಯ ಮರದ ವಾಸನೆಯಿಂದಲೂ ಸುಳಿವು ಸಿಗಬಾರದೆಂದು ಗದ್ದ ಊರುವ ಜಾಗಕ್ಕೆ ಸುಗಂಧ ಹಚ್ಚಿದ್ದರು! 21 ಮಂದಿ ವಾದಕರಲ್ಲಿ ಹೆಚ್ಚಿನವರು ಮನೆಗೆ ಒಯ್ಯಲು ಆರಿಸಿಕೊಂಡದ್ದು ಹೊಸದನ್ನು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್. ಇವರು ಹವ್ಯಾಸಿಗಳಲ್ಲ, ಪಿಟೀಲಿನಿಂದ ಅನ್ನ ಉಣ್ಣುವವರು ಇವರಲ್ಲಿ ಹಲವರಿದ್ದರು.

ಅಮೆರಿಕದ ಟೇಲರ್ ಗಿಟಾರ್ ಕಂಪೆನಿಯ ಬಾಬ್ ಟೇಲರ್ 1995ರಲ್ಲಿ ಮಾಡಿದ ಕೆಲಸ ಇನ್ನೂ ತಮಾಷೆಯಾದುದು. ಸರಕು ಸಾಗಿಸಲು ಬಳಸಿ ಬಿಸಾಡಿದ ಪ್ಯಾಲೆಟ್ಟಿನ ಓಕ್ ಹಲಗೆಗಳನ್ನು ಹೆಕ್ಕಿ ತಂದು, ಮೇಲಿನ ಹಲಗೆಗೆ ಕಟ್ಟಡದ ಕೆಲಸದ ಮರದ ತುಂಡನ್ನು ಸೀಳಿ, ಒಂದು ಗಿಟಾರ್ ಮಾಡಿ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಇಟ್ಟರು. ಅದು ಚೆನ್ನಾಗಿಯೇ ನುಡಿಯಿತು. ಮರಕ್ಕಿಂತ ಮಾಡುವ ಕೈ ಮುಖ್ಯ ಎಂದು ತೋರಿಸುವುದು ಅವರ ಉದ್ದೇಶ. ದುಬಾರಿ ಗಿಟಾರ್ ಮಾರುವವರೇ ಹೀಗೆ ತೋರಿಸಿಕೊಟ್ಟದ್ದು ನೆನಪಿಡುವಂಥದು.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಮಾತೂ ಇದೆ. ದುಬಾರಿ ಗಿಟಾರಿನ ವಿವರಣೆಯಲ್ಲಿ "ಇಂಡಿಯನ್ ರೋಸ್‌ವುಡ್" ಎಂದು ಬರೆದಿರುತ್ತದೆ. ನಮ್ಮ ಹುಡುಗರು ಅದನ್ನು ಓದಿ ಏನೋ ದಿವ್ಯವಾದ ವಸ್ತುವೆಂದು ಬಾಯಿಬಿಡುತ್ತಾರೆ. ಅದು ನಮ್ಮ ಬೀಟೆ ಮರ! ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಬೀಟೆ. ಅಜ್ಜನ ಕಾಲದ ಮಂಚ, ಪೆಟ್ಟಿಗೆ, ಮೈಸೂರಿನ ಕೆತ್ತು ಕೂಡಿಸಿದ ಚಿತ್ರಫಲಕಗಳಲ್ಲಿ ಕಾಣುವ ಅದೇ ಕಪ್ಪು ಮರ. ಹೆಸರಾಂತ ಮಾರ್ಟಿನ್ ಕಂಪೆನಿಯವರು ತಮ್ಮ ಡಿ-28 ಗಿಟಾರಿಗೆ ಬ್ರೆಜಿಲ್ ಮರವನ್ನು ಬಿಟ್ಟು ಈ ಮರವನ್ನು ಬಳಸತೊಡಗಿದ್ದು 1969ರಲ್ಲಿ. ಬೀಟೆಯ ಜಾತಿಗೆ ಸೇರಿದ ಮರಗಳೆಲ್ಲ ವಿರಳವಾಗುತ್ತಿವೆಯೆಂದು 2017ರಲ್ಲಿ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂತು. ಸಿದ್ಧ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಸಾಗರದಾಚೆ ಹೋಗಿ ಹೆಸರು ಬದಲಿಸಿಕೊಂಡು ಬಂದರೆ ಹಿತ್ತಿಲ ಮರವೂ ಆಕರ್ಷಕವಾಗುತ್ತದೆ ನೋಡಿ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಬೆಟ್ಟದ ಬಗ್ಗೆ ಹೇಳಿದ್ದಲ್ಲ.

ಈ ಆಸೆ ಹುಟ್ಟುವ ಬಗೆಯನ್ನು ಹದಿನೆಂಟನೆಯ ಶತಮಾನದ ಫ್ರೆಂಚ್ ಲೇಖಕ ಡೆನಿಸ್ ಡಿಡೆರೊ ಬಹಳ ಚೆನ್ನಾಗಿ ಬಣ್ಣಿಸಿದ್ದಾನೆ. ಈತ ನಮ್ಮ ಧರ್ಮಸಭೆಯ ಮಿತ್ರನೇನೂ ಅಲ್ಲ. ಆದರೆ ಸತ್ಯವನ್ನು ಯಾರು ಹೇಳಿದರೂ ಕೇಳಬೇಕು. ಅವನಿಗೊಂದು ಸೊಗಸಾದ ಹೊಸ ನಿಲುವಂಗಿ ಬಂತು. ಹಾಕಿಕೊಂಡು ಕೋಣೆಯಲ್ಲಿ ಕುಳಿತರೆ ಹಳೆಯ ಕುರ್ಚಿ ಕಳಪೆಯಾಗಿ ಕಂಡಿತು. ಕುರ್ಚಿ ಬದಲಾಯಿತು. ಆಗ ಮೇಜು ಸರಿಯಿಲ್ಲವೆನಿಸಿತು. ಗೋಡೆಯ ಚಿತ್ರಗಳೂ ಹೋದವು. ಕೊನೆಗೆ, ಧೂಳೊರೆಸಲು ಮಸಿಯೊರೆಸಲು ಒದಗುತ್ತಿದ್ದ ತನ್ನ ಹಳೆಯ ನಿಲುವಂಗಿಯನ್ನು ನೆನೆದು ಅವನು ಮರುಗಿದ. ಹಳೆಯದಕ್ಕೆ ತಾನು ಯಜಮಾನನಾಗಿದ್ದೆ, ಹೊಸದಕ್ಕೆ ಆಳಾದೆ ಎಂಬುದು ಅವನ ಪ್ರಲಾಪದ ತಾತ್ಪರ್ಯ. ದುಬಾರಿ ಗಿಟಾರ್ ಬಂದ ಮನೆಯಲ್ಲೂ ಇದೇ ನಡೆಯುತ್ತದೆ. ಅದಕ್ಕೆ ತಕ್ಕ ಗಟ್ಟಿ ಪೆಟ್ಟಿಗೆ ಬೇಕು, ಪಿಕ್‌ಅಪ್ ಬೇಕು, ಆಂಪ್ಲಿಫೈಯರ್ ಬೇಕು. ತಮ್ಮ ಮುಟ್ಟಬಾರದು. ಮಳೆಯಿದ್ದರೆ ಅಭ್ಯಾಸಕ್ಕೆ ಒಯ್ಯಬಾರದು. ಗಾನವೃಂದದ ಪುಟ್ಟ ಹುಡುಗಿ "ಒಮ್ಮೆ ಕೊಡಣ್ಣಾ" ಎಂದರೆ ಎದೆ ಧಸಕ್ಕೆನ್ನುತ್ತದೆ.

ಇದೇ ವಿಷಯವನ್ನು ಇನ್ನೂ ಆಳವಾಗಿ ನೋಡಿದವರು 1929ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಫ್ರೆಂಚ್ ತತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್. 1935ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರೇ 'ಇರುವಿಕೆ ಮತ್ತು ಹೊಂದಿರುವಿಕೆ' ಎಂಬ ಅರ್ಥದ್ದು. ಹೊಂದಿದ ವಸ್ತು ಹೊಂದಿದವನನ್ನೇ ನುಂಗತೊಡಗುತ್ತದೆ. ಕಳೆದೀತು, ಕೆಟ್ಟೀತು ಎಂಬ ಭಯದಿಂದ ಮನುಷ್ಯ ಅದರ ಸುತ್ತ ಬಂಧಿಯಾಗುತ್ತಾನೆ ಎಂದು ಅವರು ತೋರಿಸುತ್ತಾರೆ. ಆದರೆ ಒಂದು ವಿನಾಯಿತಿಯನ್ನೂ ಹೇಳುತ್ತಾರೆ. ತೋಟಗಾರನಿಗೆ ತನ್ನ ತೋಟದೊಡನೆ, ಪಿಟೀಲುಗಾರನಿಗೆ ತನ್ನ ಪಿಟೀಲಿನೊಡನೆ ಇರುವ ಸಂಬಂಧ ಬೇರೆಯ ತರಹದ್ದು. ಅಲ್ಲಿ ವಸ್ತು ಕೇವಲ ಆಸ್ತಿಯಾಗಿ ಉಳಿಯದೆ ಅವನ ಬದುಕಿನ ಭಾಗವೇ ಆಗಿಬಿಡುತ್ತದೆ ಎನ್ನುತ್ತಾರೆ. ಏಕೆಂದರೆ ಅಲ್ಲಿ ದುಡಿಮೆಯಿದೆ, ದಿನದಿನದ ಒಡನಾಟವಿದೆ.

ಈ ಒಡನಾಟಕ್ಕೆ ಹಣ ಕೊಟ್ಟರೆ ಸಿಗುವ ಬದಲಿ ಇಲ್ಲ. ಹತ್ತು ವರ್ಷ ಒಂದೇ ಗಿಟಾರ್ ನುಡಿಸಿದವರನ್ನು ಕೇಳಿ ನೋಡಿ. ಮೂರನೆಯ ತಂತಿ ಏಳನೆಯ ಫ್ರೆಟ್ಟಿನಲ್ಲಿ ಸ್ವಲ್ಪ ಕಿರುಗುಟ್ಟುತ್ತದೆ, ಅಲ್ಲಿ ಬೆರಳನ್ನು ಒಂದೆಳ್ಳಿನಷ್ಟು ಮುಂದಿಡಬೇಕು ಎಂಬುದು ಅವರಿಗೆ ಗೊತ್ತು. ಚಳಿಗಾಲದ ಬೆಳಗಿನ ಬಲಿಪೂಜೆಗೆ ಶ್ರುತಿ ಎಷ್ಟು ಬದಲಾಗಿರುತ್ತದೆ, ಬ್ರಿಡ್ಜಿನ ಹತ್ತಿರ ಮೀಟಿದರೆ ನಾದ ಎಷ್ಟು ಹರಿತವಾಗುತ್ತದೆ, ರಂಧ್ರದ ಮೇಲೆ ಮೀಟಿದರೆ ಎಷ್ಟು ಮೃದುವಾಗುತ್ತದೆ ಎಂಬುದನ್ನು ಅವರ ಕೈಯೇ ಬಲ್ಲದು. ಇದನ್ನೆಲ್ಲ ಅವರು ಕಲಿತದ್ದು ಆ ಗಿಟಾರಿನ ಕುಂದುಗಳಿಂದ.

ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ 1969ರಲ್ಲಿ ಒಂದು ಮಾರ್ಟಿನ್ ಗಿಟಾರ್ ಕೊಂಡರು. ಅದೇನೂ ಅಗ್ಗದ್ದಲ್ಲ. ಆದರೆ ಮುಂದೆ ಅವರು ಎಷ್ಟು ಬೇಕಾದರೂ ದುಬಾರಿಯದನ್ನು ಕೊಳ್ಳಬಹುದಾದಷ್ಟು ಸಂಪಾದಿಸಿದ ಮೇಲೂ ದಶಕಗಳ ಕಾಲ ಅದನ್ನೇ ನುಡಿಸಿದರು. ಅದು ನೈಲಾನ್ ತಂತಿಯ, ಬೆರಳಿನಿಂದ ನುಡಿಸಬೇಕಾದ ಗಿಟಾರ್. ಅವರು ಪಿಕ್ ಹಿಡಿದು ಬಾರಿಸಿದ್ದರಿಂದ ಮರ ಸವೆದು ಸವೆದು ಸ್ವರರಂಧ್ರದ ಪಕ್ಕದಲ್ಲಿ ಇನ್ನೊಂದು ರಂಧ್ರವೇ ಬಿದ್ದಿತು. ಆದರೂ ಬಿಡಲಿಲ್ಲ. ಒಬ್ಬ ಕುಶಲಕರ್ಮಿಯಿಂದ ಮತ್ತೆ ಮತ್ತೆ ದುರಸ್ತಿ ಮಾಡಿಸಿದರು. 1970ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಒಳನುಗ್ಗಿ ಅದನ್ನು ಹೊರತಂದರು. 1990ರಲ್ಲಿ ತೆರಿಗೆ ಬಾಕಿಗಾಗಿ ಸರ್ಕಾರ ಅವರ ಆಸ್ತಿ ಮುಟ್ಟುಗೋಲು ಹಾಕಿಕೊಂಡಾಗ ಮಗಳು ಆ ಗಿಟಾರನ್ನು ಮಾತ್ರ ಅಧಿಕಾರಿಗಳ ಕೈಗೆ ಸಿಗದಂತೆ ಸಾಗಿಸಿದಳಂತೆ. ತೆರಿಗೆಯ ವಿಷಯದಲ್ಲಿ ಅವರನ್ನು ಅನುಸರಿಸಿರೆಂದು ನಾನು ಹೇಳುತ್ತಿಲ್ಲ!

ನಮಗೆ ಇನ್ನೂ ಹತ್ತಿರದ ಗಿಟಾರೊಂದಿದೆ. 1818ರ ಡಿಸೆಂಬರ್ 24ರ ರಾತ್ರಿ ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ ಯುವ ಸಹಾಯಕ ಗುರು ಯೋಸೆಫ್ ಮೋರ್ ಮತ್ತು ಶಾಲಾ ಶಿಕ್ಷಕ ಫ್ರಾನ್ಸ್ ಗ್ರೂಬರ್ ಒಂದು ಹೊಸ ಹಾಡು ಹಾಡಿದರು. ಪಕ್ಕವಾದ್ಯ ಮೋರ್ ಅವರ ಗಿಟಾರ್. ಇಂದು ಪ್ರತಿ ಕ್ರಿಸ್ತಜಯಂತಿಯಲ್ಲೂ ಜಗತ್ತಿನ ಎಲ್ಲೆಡೆ ಹಾಡುವ 'ಸೈಲೆಂಟ್ ನೈಟ್' ಹುಟ್ಟಿದ್ದು ಹಾಗೆ. ಮೋರ್ ಬಡತನದಲ್ಲಿ ಹುಟ್ಟಿ ಬಡವರಾಗಿಯೇ 1848ರಲ್ಲಿ ತೀರಿಕೊಂಡವರು. ಆ ಗಿಟಾರ್ ಇಂದಿಗೂ ಹಾಲೈನ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಹೊಸದಾಗಿ ಗಿಟಾರ್ ಹಿಡಿದ ಮಗುವೂ ಕೆಲವೇ ತಿಂಗಳಲ್ಲಿ ಕಲಿಯುವ ಮೂರು ಕಾರ್ಡುಗಳಲ್ಲಿ ಆ ಹಾಡನ್ನು ನುಡಿಸಬಹುದು. ಅಂದಿನ ಗಿಟಾರಿನ ಬೆಲೆ ಎಷ್ಟಿತ್ತು ಎಂದು ಅಲ್ಲಿಗೆ ಹೋದ ಯಾತ್ರಿಕರು ಕೇಳುವರೇ?

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಲೇಬೇಕು. ತೃಪ್ತಿಯ ಉಪದೇಶವನ್ನು ಎಲ್ಲಕ್ಕಿಂತ ಹೆಚ್ಚು ಕೇಳಿಸಿಕೊಂಡವರು ಬಡವರು, ಹೇಳಿದವರು ಹೆಚ್ಚಾಗಿ ಉಳ್ಳವರು. ಕೂಲಿಯವನಿಗೆ "ಇದ್ದುದರಲ್ಲಿ ಸುಖಪಡು" ಎಂದವನ ಮನೆಯ ಉಗ್ರಾಣ ತುಂಬಿರುತ್ತದೆ. ಆದ್ದರಿಂದ ಈ ಉಪದೇಶವನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸುವ ಮೊದಲು ನಮ್ಮ ಕೈಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎರಡು ವರ್ಷಕ್ಕೊಮ್ಮೆ ಮೊಬೈಲ್ ಬದಲಿಸುವ ಅಪ್ಪ, ಪಕ್ಕದ ಮನೆಯವರದು ಬಂತೆಂದು ಸರಿಯಾಗಿಯೇ ಓಡುತ್ತಿದ್ದ ಬೈಕನ್ನು ಮಾರಿದ ಅಪ್ಪ, ಮಗಳಿಗೆ ಹಳೆಯ ಗಿಟಾರಿನ ಮಹಿಮೆ ಹೇಳಿದರೆ ಅವಳು ಏನೆಂದುಕೊಂಡಾಳು? ಮಕ್ಕಳು ಲೆಕ್ಕದಲ್ಲಿ ನಮಗಿಂತ ಚುರುಕು. ಹತ್ತನೆಯ ಕಟ್ಟಳೆ ಮಕ್ಕಳಿಗಷ್ಟೇ ಕೊಟ್ಟದ್ದಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ನಾವು ಥಟ್ಟನೆ ಎಸೆಯುತ್ತೇವೆ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಫ್ರೆಟ್ಟುಗಳನ್ನು ತಪ್ಪು ಅಳತೆಯಲ್ಲಿ ಕೂರಿಸಿದ, ಎಷ್ಟು ಶ್ರುತಿ ಮಾಡಿದರೂ ಬೇಸುರಾಗುವ ಗಿಟಾರುಗಳು ಇವೆ. ಅದನ್ನು ಕಂಡುಕೊಳ್ಳಲು ಒಂದು ಉಪಾಯ ಹೇಳುತ್ತೇನೆ. ಹನ್ನೆರಡನೆಯ ಫ್ರೆಟ್ ತಂತಿಯ ಸರಿಯಾದ ಅರ್ಧದಲ್ಲಿದೆ. ಅಲ್ಲಿ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದರೆ ಗಂಟೆಯಂತೆ ಒಂದು ಸ್ವರ ಬರುತ್ತದೆ. ಅಲ್ಲೇ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಹೊಸ ತಂತಿ ಹಾಕಿ, ಬಲ್ಲವರಿಂದ ಸ್ಯಾಡಲ್ ಸರಿಪಡಿಸಿದ ಮೇಲೂ ಎರಡೂ ಬೇರೆಬೇರೆ ಕೇಳಿದರೆ ಆ ಗಿಟಾರಿನಿಂದ ಮಗುವಿನ ಕಿವಿ ಕೆಡುತ್ತದೆ. ಅಂಥದನ್ನು ಇಟ್ಟುಕೊಂಡು ತೃಪ್ತಿಪಡು ಎನ್ನುವುದು ಸದ್ಗುಣವಲ್ಲ, ಹಟ. ಮಗುವಿನ ಮೈಗೆ ದೊಡ್ಡದಾದ ಗಿಟಾರ್, ಕತ್ತು ತಿರುಚಿಹೋದದ್ದು, ಬ್ರಿಡ್ಜ್ ಎದ್ದುಬಂದದ್ದು, ಇವೂ ಹಾಗೆಯೇ.

ಹಾಗಾದರೆ ಮಗ "ಬೇಕು" ಎಂದಾಗ ಏನು ಮಾಡುವುದು? ನನಗೆ ಕಾಣುವ ಮಟ್ಟಿಗೆ, "ಹಣವಿಲ್ಲ" ಎಂದು ಬಾಯಿ ಮುಚ್ಚಿಸುವುದಕ್ಕಿಂತ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳುವುದು ಮೇಲು: "ನಿನ್ನ ಕೈಗೆ ಬರುವ, ಆದರೆ ಈ ಗಿಟಾರಿನಲ್ಲಿ ಬಾರದ ಹಾಡು ಯಾವುದು ಮಗಾ? ಒಮ್ಮೆ ನುಡಿಸಿ ತೋರಿಸು." ಇದು ಅವನನ್ನು ಸಿಕ್ಕಿಸುವ ಪ್ರಶ್ನೆಯಾಗಬಾರದು. ನಿಜವಾಗಿ ತಿಳಿದುಕೊಳ್ಳುವ ಮನಸ್ಸಿನಿಂದ ಕೇಳಬೇಕು. ಅವನು ನುಡಿಸಿ, "ಇಲ್ಲಿ ನೋಡಿ ಅಪ್ಪಾ, ಮೇಲಿನ ಫ್ರೆಟ್ಟಿಗೆ ಹೋದರೆ ಸ್ವರ ಸಾಯುತ್ತದೆ" ಎಂದು ತೋರಿಸಿದರೆ ಅವನ ಬಯಕೆಗೆ ಬೇರಿದೆ. ಕೂಡಿಸಿ, ಕಾಯ್ದು, ಅವನೂ ತನ್ನ ಪಾಲು ಸೇರಿಸಿ, ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಬಹುದು. ಲಕ್ಷದ್ದೇ ಆಗಬೇಕಿಲ್ಲ. ಅವನ ಬಳಿ ಹಾಡಿನ ಬದಲು ಕಂಪೆನಿಯ ಹೆಸರು ಮಾತ್ರ ಇದ್ದರೆ, ಅಥವಾ ಗೆಳೆಯನ ಹೆಸರಿದ್ದರೆ, ಅದೂ ನಿಮಗೆ ತಿಳಿಯುತ್ತದೆ. ಅವನಿಗೂ ತಿಳಿಯುತ್ತದೆ. ಆಗ ಬೈಯುವ ಅಗತ್ಯವಿರುವುದಿಲ್ಲ.

ಆ ಪ್ರಶ್ನೆ ಕೇಳುವುದಕ್ಕೆ ತಂದೆ ಮಗನ ವಾದನವನ್ನು ಕುಳಿತು ಕೇಳಬೇಕಾಗುತ್ತದೆ. ಅದೇ ಕಷ್ಟ. ಎಷ್ಟೋ ಮಕ್ಕಳು ಹೊಸ ಗಿಟಾರ್ ಕೇಳುವಾಗ ಕೇಳುತ್ತಿರುವುದು ಅದನ್ನೇ ಇರಬಹುದೆಂಬ ಸಂಶಯ ನನಗಿದೆ. ಬೀರುವಿನ ಮೇಲಿನ ಗಿಟಾರಿನ ಬಗ್ಗೆ ಮನೆಯಲ್ಲಿ ಯಾರಿಗೂ ಆಸಕ್ತಿಯಿಲ್ಲ. ಅರವತ್ತು ಸಾವಿರದ್ದು ಬಂದರೆ ಒಂದು ವಾರವಾದರೂ ಎಲ್ಲರೂ ಕೇಳುತ್ತಾರೆ. ಅದನ್ನು ತಂದುಕೊಟ್ಟ ಚಿಕ್ಕಪ್ಪನ ವಿಷಯವೂ ಇದೆ. ಮರಳುಗಾಡಿನಲ್ಲಿ ಕೋಣೆಗೆ ಎಂಟು ಮಂದಿಯಂತೆ ಮಲಗಿ ಉಳಿಸಿದ ಹಣದಲ್ಲಿ ಅವರು ಆ ಪೆಟ್ಟಿಗೆಯನ್ನು ವಿಮಾನದಲ್ಲಿ ಹೊತ್ತು ತಂದಿರಬಹುದು. ರಜೆಗೆ ಬಂದಾಗಲೆಲ್ಲ ಕಣ್ಣು ಒಮ್ಮೆ ಅದರತ್ತ ಹೋಗುತ್ತದೆ, ಏನೂ ಹೇಳುವುದಿಲ್ಲ. ವಸ್ತುವಿಗೆ ನೋವಾಗುವುದಿಲ್ಲ ನಿಜ. ಕೊಟ್ಟವರಿಗೆ ಆಗುತ್ತದೆ.

ಇನ್ನು, ಕೊನೆಗೂ ಹೊಸದನ್ನು ಕೊಂಡಿರಿ ಎನ್ನೋಣ. ಹಳೆಯದನ್ನು ಏನು ಮಾಡುತ್ತೀರಿ? ನಿಮ್ಮ ಧರ್ಮಕೇಂದ್ರದಲ್ಲಿ ಗಿಟಾರ್ ಕಲಿಯಲು ಕಾದಿರುವ, ಕೊಳ್ಳಲಾಗದ ಒಂದು ಮಗು ಇದ್ದೇ ಇರುತ್ತದೆ. ಗಾನವೃಂದದ ಸಿಸ್ಟರನ್ನು ಕೇಳಿದರೆ ಹೆಸರು ಹೇಳುತ್ತಾರೆ. ಕೊಡುವುದಾದರೆ ತುಂಡು ತಂತಿಯ ಸಮೇತ ಧೂಳು ಹಿಡಿದದ್ದನ್ನು ಕೊಟ್ಟು ದಾನವೆಂದು ಕರೆಯಬೇಡಿ. ತಂತಿಗಳ ಎತ್ತರ ಸರಿಮಾಡಿಸಿ, ಹೊಸ ತಂತಿ ಹಾಕಿಸಿ, ಒರೆಸುವ ಬಟ್ಟೆಯೊಂದನ್ನು ಚೀಲದಲ್ಲಿಟ್ಟು, ನಿಮ್ಮ ಮಗನ ಕೈಯಿಂದಲೇ ಕೊಡಿಸಿ. ಮೂರನೆಯ ತಂತಿ ಏಳನೆಯ ಫ್ರೆಟ್ಟಿನಲ್ಲಿ ಕಿರುಗುಟ್ಟುತ್ತದೆ, ಅಲ್ಲಿ ಬೆರಳನ್ನು ಸ್ವಲ್ಪ ಮುಂದಿಡಬೇಕು ಎಂಬುದನ್ನು ಅವನೇ ಆ ಮಗುವಿಗೆ ತೋರಿಸಿಕೊಡಲಿ.